ದುಡ್ಡು ಕೇಳುವ ಜರ್ನಲುಗಳೆಲ್ಲ ಬೋಗಸ್ಸೇ?

ಪ್ರಶ್ನೆ: ಸರ್, ನಾನು ಧಾರವಾಡದವಳು. ಪುಣೆಯ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಪಿಎಚ್‌ಡಿ ಮಾಡುತ್ತಿದ್ದೇನೆ. ಕೊಂಕಣ ಮತ್ತು ಗೋವಾದಲ್ಲಿ ಸಡಾ ಎಂದು ಕರೆಯುವ ಜಂಬಿಟ್ಟಿಗೆ ಬಂಡೆಯ ಬಯಲುಗಳಿವೆಯಲ್ಲ, ಅವುಗಳ ಮೇಲೆ ಮಳೆಗಾಲದಲ್ಲಷ್ಟೇ ಹುಟ್ಟುವ ಗಿಡಗಳು ನನ್ನ ವಿಷಯ. ಮೊದಲ ಪೇಪರ್, ಅಂದರೆ ಸಂಶೋಧನಾ ಲೇಖನ, ಸಿದ್ಧವಾಗಿದೆ, ಯಾವ ಜರ್ನಲಿಗೆ ಕಳಿಸಬೇಕೆಂದು ತಿಳಿಯುತ್ತಿಲ್ಲ. ವಾಟ್ಸಾಪಿನಲ್ಲಿ ಬಂದ ಒಂದು ಜರ್ನಲ್ 3,500 ರೂಪಾಯಿಗೆ ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಯುಜಿಸಿ ಕೇರ್ ಮಾನ್ಯತೆ (ವಿಶ್ವವಿದ್ಯಾಲಯ ಅನುದಾನ ಆಯೋಗದ ಜರ್ನಲ್ ಪಟ್ಟಿಯದು) ಇದೆ ಎನ್ನುತ್ತದೆ, ಆ ಸಂದೇಶದ ಚಿತ್ರ ಕಳಿಸಿದ್ದೇನೆ. ಎಲ್ಲರೂ ಉಚಿತವಾಗಿ ಓದಬಹುದಾದ ಒಂದು ವಿದೇಶಿ ಜರ್ನಲ್ 2,000 ಡಾಲರ್ ಕೇಳುತ್ತಿದೆ. ಹಳೆಯ ಹೆಸರುವಾಸಿ ಜರ್ನಲೊಂದು ನನ್ನಿಂದ ಏನೂ ಕೇಳುವುದಿಲ್ಲ, ಆದರೆ ಓದುವವರು ಹಣ ಕೊಡಬೇಕು. ನನ್ನ ಗೈಡ್ "ಲೇಖಕರಿಂದ ದುಡ್ಡು ಕೇಳುವುದೆಲ್ಲ ಬೋಗಸ್" ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು "ಜನರ ತೆರಿಗೆ ಹಣದ ಸಂಶೋಧನೆಯನ್ನು ಬೀಗ ಹಾಕುವವರ ಕೈಗೆ ಕೊಡಬೇಡಿ" ಎನ್ನುತ್ತಾರೆ. ಡೊಂಬಿವಲಿಯಲ್ಲಿರುವ ನನ್ನ ತಂದೆ ಬ್ಯಾಂಕಿನಿಂದ ನಿವೃತ್ತರು. ಅವರದು ಬೇರೆಯೇ ಪ್ರಶ್ನೆ: "ಬರೆಯುವವರು ನೀವು, ಪುಕ್ಕಟೆ ಪರಿಶೀಲಿಸುವವರೂ ನಿಮ್ಮಂಥವರೇ, ಓದುವವರೂ ನೀವೇ. ನಡುವೆ ಕೂತವನಿಗೆ ಯಾಕಮ್ಮ ದುಡ್ಡು?" ಪ್ರಕಟವಾದ ಮೇಲೆ ಪೇಪರನ್ನು ಸಂಶೋಧಕರು ತಮ್ಮ ಬರಹ ಹಂಚಿಕೊಳ್ಳುವ ರಿಸರ್ಚ್‌ಗೇಟ್ ತಾಣದಲ್ಲಿ ಹಾಕಬಹುದೇ? ನನ್ನ ಗೆಳತಿಯೊಬ್ಬಳು ಆ ವಾಟ್ಸಾಪ್ ಜರ್ನಲಿಗೆ ಈಗಾಗಲೇ ಪೇಪರ್ ಕಳಿಸಿ ಪೇಚಾಡುತ್ತಿದ್ದಾಳೆ. ಇನ್ನೂ ಹಣ ಕಟ್ಟಿಲ್ಲ, ಫಾರಂಗೆ ಸಹಿ ಹಾಕಿಲ್ಲ. ಅವಳು ಏನು ಮಾಡಬೇಕು?

ಉತ್ತರ: ನಿಮ್ಮ ಗೈಡ್ ಹೇಳಿದ್ದರಲ್ಲೂ ಹುರುಳಿದೆ, ಸಹೋದ್ಯೋಗಿ ಹೇಳಿದ್ದರಲ್ಲೂ ಹುರುಳಿದೆ. ಆದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗಳನ್ನು ಒಂದಕ್ಕೊಂದು ಗಂಟು ಹಾಕಿದ್ದಾರೆ. ಪ್ರಕಾಶಕರು ಲಾಭಕ್ಕಾಗಿ ನಡೆಸುತ್ತಾರೆಯೇ ಎಂಬುದು ಒಂದು ಪ್ರಶ್ನೆ. ಪ್ರಕಟವಾದದ್ದನ್ನು ಯಾರು ಬೇಕಾದರೂ ಓದಬಹುದೇ ಎಂಬುದು ಇನ್ನೊಂದು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಎರಡೂ ಗೊತ್ತಾದ ಮೇಲೂ, ಆ ಜರ್ನಲಿನಲ್ಲಿ ಪೇಪರನ್ನು ಯಾರಾದರೂ ನಿಜವಾಗಿ ಓದಿ ಪರಿಶೀಲಿಸುತ್ತಾರೆಯೇ ಎಂಬ ಮೂರನೆಯ ಪ್ರಶ್ನೆ ಇದ್ದಲ್ಲೇ ಇರುತ್ತದೆ. ನಾನು ಮೊದಲು ಮುಂಬೈಯ ಒಂದು ಜರ್ನಲ್ ಕಚೇರಿಯಲ್ಲಿದ್ದೆ, ಆಮೇಲೆ ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯಕ್ಕೆ ಬಂದೆ. ಅಂದರೆ ಮಾರುವವರ ಕಡೆಯೂ ಕೂತಿದ್ದೇನೆ, ಕೊಳ್ಳುವವರ ಕಡೆಯೂ ಕೂತಿದ್ದೇನೆ. ಈ ಮೂರನ್ನೂ ಬಿಡಿಸಿಕೊಳ್ಳದೆ ಜಗಳವಾಡುವವರನ್ನು ಎರಡೂ ಕಡೆ ಕಂಡಿದ್ದೇನೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ 1966ರಿಂದ ಮುಂಬೈಯಿಂದ ಹೊರಡುತ್ತಿದೆ. ಅದನ್ನು ನಡೆಸುವುದು ಸಮೀಕ್ಷಾ ಟ್ರಸ್ಟ್, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಪ್ರಕಟಿಸಲು ಲೇಖಕರು ಹಣ ಕೊಡಬೇಕಿಲ್ಲ, ಆದರೆ ಓದುವವರು ಚಂದಾ ಕಟ್ಟಬೇಕು. ಲಾಭವಿಲ್ಲ, ಪೂರ್ತಿ ಮುಕ್ತವೂ ಅಲ್ಲ. ಅದೇ ಮುಂಬೈಯ ಪರೇಲಿನಲ್ಲಿ, ಕೆಇಎಂ ಆಸ್ಪತ್ರೆ ಮತ್ತು ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನ ಆವರಣದಿಂದ 1955ರಿಂದ ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್ ಹೊರಡುತ್ತಿದೆ. 1990ರ ದಶಕದ ಕೊನೆಯಲ್ಲಿ ಡಾ. ಡಿ. ಕೆ. ಸಾಹು ಕಟ್ಟಿದ ಮೆಡ್‌ನೋ ಎಂಬ ಮುಂಬೈ ಕಂಪನಿ ಇದನ್ನೂ ಇಂಥ ಇನ್ನೂ ಅನೇಕ ವೈದ್ಯಕೀಯ ಜರ್ನಲುಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಓದುವವರಿಂದ ಹಣವಿಲ್ಲ, ಹೆಚ್ಚಿನ ಜರ್ನಲುಗಳಲ್ಲಿ ಬರೆಯುವವರಿಂದಲೂ ಇಲ್ಲ. ಖರ್ಚು ಹುಟ್ಟುತ್ತಿದ್ದದ್ದು ಮುದ್ರಿತ ಪ್ರತಿಯ ಚಂದಾ, ಜಾಹೀರಾತು ಮತ್ತು ವೈದ್ಯರ ಸಂಘಗಳಿಂದ. ಅದು ಕಂಪನಿ, ಲಾಭವೂ ಬೇಕಿತ್ತು, ಆದರೂ ಮುಕ್ತವಾಗಿತ್ತು. ಉಚಿತವಾಗಿ ಕೊಟ್ಟರೆ ಚಂದಾದಾರರು ಓಡಿಹೋಗುತ್ತಾರೆ ಎಂದವರ ಲೆಕ್ಕ ತಪ್ಪಾಯಿತು. 2011ರಲ್ಲಿ ಈ ಕಂಪನಿಯನ್ನು ವೋಲ್ಟರ್ಸ್ ಕ್ಲೂವರ್ ಎಂಬ ಬಹುರಾಷ್ಟ್ರೀಯ ಸಂಸ್ಥೆ ಕೊಂಡುಕೊಂಡಿತು. ಈಗ ಅಲ್ಲಿ ಒಂದೊಂದು ಜರ್ನಲಿನ ನಿಯಮ ಒಂದೊಂದು ಬಗೆ. ಪ್ರಕಾಶಕರ ಹೆಸರು ಕೇಳಿ ತೀರ್ಮಾನಿಸಬೇಡಿ, ಆಯಾ ಜರ್ನಲಿನ ಶುಲ್ಕದ ಪುಟವನ್ನೇ ತೆರೆದು ನೋಡಿ ಎನ್ನುವುದು ಇದಕ್ಕಾಗಿ.

ಇನ್ನು ನಿಮ್ಮ ತಂದೆಯವರ ಪ್ರಶ್ನೆ. ಪ್ರಶ್ನೆಗಳಲ್ಲೆಲ್ಲ ಅದೇ ಗಟ್ಟಿಯಾದದ್ದು.

ನಡುವೆ ಕೂತವನಿಗೆ ಖರ್ಚೇ ಇಲ್ಲ ಎನ್ನುವುದು ಸುಳ್ಳು. ಬಂದ ಪೇಪರುಗಳಲ್ಲಿ ಜೊಳ್ಳನ್ನು ಬೇರ್ಪಡಿಸಬೇಕು, ನಕಲು ಹೊಡೆದದ್ದೇ ಎಂದು ತಂತ್ರಾಂಶದಲ್ಲಿ ನೋಡಬೇಕು. ಪರಿಶೀಲಿಸಲು ಹತ್ತು ಜನರಿಗೆ ಬರೆದರೆ ಇಬ್ಬರು ಒಪ್ಪುತ್ತಾರೆ, ಒಪ್ಪಿದ ಇಬ್ಬರಲ್ಲಿ ಒಬ್ಬರು ಮೂರು ತಿಂಗಳು ಸದ್ದಿಲ್ಲದೆ ಕೂರುತ್ತಾರೆ. ಅವರನ್ನು ಬೆನ್ನು ಹತ್ತಲು ಸಂಬಳದ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಒಂದು ಕಾಲದಲ್ಲಿ ನಾನೇ ಆಗಿದ್ದೆ. ಭಾಷೆ ತಿದ್ದಬೇಕು, ಕೋಷ್ಟಕ ಜೋಡಿಸಬೇಕು, ಕಡತವನ್ನು ಯಂತ್ರಗಳು ಓದುವ ರೂಪಕ್ಕೆ ತರಬೇಕು. ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಪಡೆಯಬೇಕು. ಇದರ ನೋಂದಣಿಗೆ ಸದಸ್ಯತ್ವ ಶುಲ್ಕದ ಮೇಲೆ ಪೇಪರ್ ಒಂದಕ್ಕೆ ಡಾಲರ್ ಒಂದರ ಆಸುಪಾಸು ಬೀಳುತ್ತದೆ, ಅಷ್ಟೇ. ಜರ್ನಲ್ ನಡೆಸುವ ತಂತ್ರಾಂಶವೂ ದುಬಾರಿಯಲ್ಲ: ಕೆನಡಾದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್ ರೂಪಿಸಿದ ಓಪನ್ ಜರ್ನಲ್ ಸಿಸ್ಟಮ್ಸ್ ಪುಕ್ಕಟೆ ಸಿಗುತ್ತದೆ, ನಮ್ಮ ದೇಶದ ಸಣ್ಣ ಜರ್ನಲುಗಳು ಬಹಳಷ್ಟು ಅದರ ಮೇಲೆಯೇ ನಡೆಯುತ್ತವೆ. ಖರ್ಚೆಲ್ಲ ಜನರ ಸಂಬಳದ್ದು, ಅದು ನಿಜವಾದ ಖರ್ಚು. ಪ್ರಶ್ನೆ ಇರುವುದು ಖರ್ಚಿನ ಮೇಲೆ ಎಷ್ಟು ಗಳಿಸುತ್ತಾರೆ ಎನ್ನುವುದರಲ್ಲಿ. ಎಲ್ಸ್‌ವಿಯರ್ ಜರ್ನಲುಗಳ ಒಡೆತನ ಹೊಂದಿರುವ ರೆಲ್ಎಕ್ಸ್ ಕಂಪನಿಯ ವಾರ್ಷಿಕ ವರದಿ ತೆರೆದು ನೋಡಿ. ವಿಜ್ಞಾನ ಮತ್ತು ವೈದ್ಯಕೀಯ ಪ್ರಕಟಣೆಯ ವಿಭಾಗದ ನಿರ್ವಹಣಾ ಲಾಭ ಈಚಿನ ವರ್ಷಗಳಲ್ಲಿ ಆದಾಯದ ಶೇ. 38ರ ಆಸುಪಾಸಿದೆ. ನೂರು ರೂಪಾಯಿ ಬಂದರೆ ಮೂವತ್ತೆಂಟು ಉಳಿಯುತ್ತದೆ ಎಂದು ತಂದೆಯವರಿಗೆ ಹೇಳಿ, ಬ್ಯಾಂಕಿನಲ್ಲಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಲಾಭ ಹೇಗೆ ಸಾಧ್ಯ? ಮೊದಲಿನಿಂದ ಹೀಗಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ಶುರುಮಾಡಿದ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಬಹುಕಾಲ ನಷ್ಟದಲ್ಲೇ ನಡೆಯಿತು. ಎರಡನೆಯ ಮಹಾಯುದ್ಧದ ನಂತರ ಸರ್ಕಾರಗಳು ಸಂಶೋಧನೆಗೆ ಹಣ ಸುರಿಯತೊಡಗಿದಾಗ ಚಿತ್ರ ಬದಲಾಯಿತು. ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬ ವ್ಯಾಪಾರಿಗೆ ಒಂದು ಸಂಗತಿ ಹೊಳೆಯಿತು: ಒಂದು ಪೇಪರಿನ ಬದಲು ಇನ್ನೊಂದನ್ನು ಓದಿ ಸುಧಾರಿಸಿಕೊಳ್ಳಲು ವಿಜ್ಞಾನಿಗೆ ಬರುವುದಿಲ್ಲ. ಆದ್ದರಿಂದ ಹೊಸ ಜರ್ನಲ್ ಹುಟ್ಟಿದರೆ ಹಳೆಯದು ಸಾಯುವುದಿಲ್ಲ, ಗ್ರಂಥಾಲಯ ಎರಡನ್ನೂ ಕೊಳ್ಳಬೇಕಾಗುತ್ತದೆ. ಆತನ ಪರ್ಗಮಾನ್ ಪ್ರೆಸ್ ಹೊಸ ಹೊಸ ವಿಷಯಗಳಿಗೆ ಜರ್ನಲುಗಳನ್ನು ಹುಟ್ಟುಹಾಕುತ್ತಲೇ ಹೋಯಿತು. ಕೊನೆಗೆ 1991ರಲ್ಲಿ ಅದನ್ನು ಎಲ್ಸ್‌ವಿಯರ್‌ಗೆ 44 ಕೋಟಿ ಪೌಂಡಿಗೆ ಮಾರಿದ.

ಇನ್ನೊಂದು ಕಾರಣ ನಮ್ಮೊಳಗೇ ಇದೆ. ಯಾವ ಜರ್ನಲ್ ಬೇಕು ಎಂದು ಹೇಳುವವರು ಪ್ರಾಧ್ಯಾಪಕರು, ಬಿಲ್ ಕಟ್ಟುವುದು ಗ್ರಂಥಾಲಯ. ಬೆಲೆ ಗೊತ್ತಿಲ್ಲದವರು ಆರಿಸುತ್ತಾರೆ, ಆರಿಸುವ ಹಕ್ಕಿಲ್ಲದವರು ಹಣ ಕೊಡುತ್ತಾರೆ. ಗ್ರಂಥಾಲಯದಲ್ಲಿದ್ದಾಗ ವರ್ಷದ ಕೊನೆಗೆ ಚಂದಾ ನವೀಕರಣ ಬಂತೆಂದರೆ ನನಗೆ ಎದೆ ಬಡಿತ ಏರುತ್ತಿತ್ತು. ಬೇಕಾದ ಇಪ್ಪತ್ತು ಜರ್ನಲುಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಬೆಲೆ ಗಗನಕ್ಕೆ, ಬೇಡದ ನೂರಾರನ್ನು ಸೇರಿಸಿದ ಕಟ್ಟನ್ನು ಕೊಂಡರೆ "ರಿಯಾಯಿತಿ". ಪ್ರಕಾಶಕರೊಬ್ಬರ ಒಪ್ಪಂದದಲ್ಲಿ ಬೆಲೆಯನ್ನು ಹೊರಗೆ ಹೇಳಬಾರದು ಎಂಬ ಷರತ್ತಿತ್ತು. ರಸ್ತೆಯ ಆಚೆಗಿನ ಸಂಸ್ಥೆಯ ಗ್ರಂಥಪಾಲಕರೂ ನಾನೂ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಆದರೆ ಅದೇ ಕಟ್ಟಿಗೆ ಅವರೆಷ್ಟು ಕೊಟ್ಟರು, ನಾವೆಷ್ಟು ಕೊಟ್ಟೆವು ಎಂದು ಒಬ್ಬರಿಗೊಬ್ಬರು ಹೇಳುವಂತಿರಲಿಲ್ಲ. ಸರ್ಕಾರದ ದುಡ್ಡು, ಗುಟ್ಟಿನ ದರ! ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ಹೀಗಿರುವಾಗ, ಸಂಶೋಧನೆಯ ಬರಹ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂದು 2002ರ ಬುಡಾಪೆಸ್ಟ್ ಘೋಷಣೆ ಕರೆ ಕೊಟ್ಟಾಗ ನಮ್ಮಂಥವರು ಕುಣಿದಾಡಿದ್ದು ಸಹಜ. ಓದುವವರಿಂದ ಹಣ ತೆಗೆದುಕೊಳ್ಳದಿದ್ದರೆ ಖರ್ಚು ಯಾರು ಕೊಡಬೇಕು? ಲೇಖಕರು, ಅಥವಾ ಅವರ ಸಂಸ್ಥೆ, ಅಥವಾ ಅನುದಾನ ಕೊಟ್ಟವರು ಎಂಬ ಉತ್ತರ ಬಂತು. ಪ್ರಕಟಣಾ ಶುಲ್ಕ ಹುಟ್ಟಿದ್ದು ಹೀಗೆ. ಅದು ಹುಟ್ಟಿದ್ದು ಮೋಸಕ್ಕಲ್ಲ. ಆದರೆ ದೊಡ್ಡ ಪ್ರಕಾಶಕರು ಬಲು ಬೇಗ ಇದಕ್ಕೂ ಒಗ್ಗಿಕೊಂಡರು. ನೇಚರ್ ಪತ್ರಿಕೆ 2021ರಲ್ಲಿ ಮುಕ್ತ ಪ್ರಕಟಣೆಗೆ ಇಟ್ಟ ದರ 9,500 ಯೂರೋ. 2023ರಲ್ಲಿ ನ್ಯೂರೋಇಮೇಜ್ ಎಂಬ ಎಲ್ಸ್‌ವಿಯರ್ ಜರ್ನಲಿನ ನಲವತ್ತಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. 3,450 ಡಾಲರ್ ಶುಲ್ಕ ಖರ್ಚಿಗೆ ಏನೇನೂ ಹೊಂದುವುದಿಲ್ಲ ಎಂಬುದು ಅವರ ದೂರು. ಹೊರಬಂದು ಅದೇ ವಿಷಯಕ್ಕೆ ಬೇರೆ ಜರ್ನಲ್ ಕಟ್ಟಿದರು.

ನನಗೆ ಬೆಲೆಗಿಂತ ಹೆಚ್ಚು ಚಿಂತೆ ತರುವುದು ಇನ್ನೊಂದು. ಚಂದಾ ಜರ್ನಲ್ ಬದುಕುವುದು ಓದುಗರಿಂದ, ಆದ್ದರಿಂದ ಕಳಪೆಯನ್ನು ತಿರಸ್ಕರಿಸುವುದು ಅದರ ಹಿತಕ್ಕೇ ಒಳ್ಳೆಯದು. ಶುಲ್ಕದ ಜರ್ನಲ್ ಒಪ್ಪಿಕೊಂಡ ಪೇಪರ್ ಒಂದಕ್ಕೆ ಇಷ್ಟು ಎಂದು ಗಳಿಸುತ್ತದೆ. ತಿರಸ್ಕರಿಸಿದರೆ ಖರ್ಚು ಉಂಟು, ವರಮಾನ ಇಲ್ಲ. ಪ್ರಾಮಾಣಿಕ ಸಂಪಾದಕರಿದ್ದಲ್ಲಿ ಈ ಸೆಳೆತ ತಡೆದು ನಿಲ್ಲುತ್ತದೆ, ಇಲ್ಲದ ಕಡೆ ಕಟ್ಟೆ ಒಡೆಯುತ್ತದೆ. ಹಿಂದವಿ ಎಂಬ ಮುಕ್ತ ಪ್ರಕಾಶನ ಸಂಸ್ಥೆಯನ್ನು ವೈಲಿ 2021ರಲ್ಲಿ ಕೊಂಡುಕೊಂಡಿತು. ಅದರ ವಿಶೇಷ ಸಂಚಿಕೆಗಳಿಗೆ ಹಣಕ್ಕೆ ಪೇಪರ್ ತಯಾರಿಸಿ ಮಾರುವ ದಂಧೆಯವರು ನುಗ್ಗಿದ್ದು ಬಯಲಾಗಿ, 2023ರ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪೇಪರುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಡೆಗೆ ಆ ಹೆಸರನ್ನೇ ಕೈಬಿಟ್ಟರು.

ಹಾಗಾದರೆ ಗೈಡ್ ಹೇಳಿದ್ದೇ ಸರಿಯಲ್ಲವೇ ಎನ್ನಬೇಡಿ. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಒಂದು ಪರೀಕ್ಷೆ ನಡೆಸಿದ. ನಿಮ್ಮ ವಿಷಯಕ್ಕೂ ಹತ್ತಿರದ್ದು ಅದು: ಕಲ್ಲುಹೂವಿನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ಹೇಳುವ, ಬೇಕೆಂದೇ ತಪ್ಪು ತುಂಬಿದ ನಕಲಿ ಪೇಪರನ್ನು ಶುಲ್ಕ ಪಡೆಯುವ 304 ಮುಕ್ತ ಜರ್ನಲುಗಳಿಗೆ ಕಳಿಸಿದ. 157 ಜರ್ನಲುಗಳು ಒಪ್ಪಿಕೊಂಡವು. ಒಪ್ಪಿಕೊಂಡವುಗಳಲ್ಲಿ ಭಾರತದವು ಬಹಳಷ್ಟಿದ್ದವು. ಎಲ್ಸ್‌ವಿಯರ್, ಸೇಜ್, ವೋಲ್ಟರ್ಸ್ ಕ್ಲೂವರ್‌ನಂಥ ದೊಡ್ಡ ಮನೆತನದವೂ ಇದ್ದವು. ತಿರಸ್ಕರಿಸಿದವುಗಳಲ್ಲಿ ಪ್ಲಾಸ್ ಒನ್ ಒಂದು, ಅದು ಲೇಖಕರಿಂದ ಶುಲ್ಕ ಪಡೆಯುವ ಜರ್ನಲೇ. ಶುಲ್ಕ ಇದೆ ಎಂಬುದರಿಂದ ಮೋಸ ಎಂದೂ ತಿಳಿಯುವುದಿಲ್ಲ, ದೊಡ್ಡ ಹೆಸರಿದೆ ಎಂಬುದರಿಂದ ಸಾಚಾ ಎಂದೂ ತಿಳಿಯುವುದಿಲ್ಲ.

ಅಪ್ಪಟ ಮೋಸವೂ ಇದೆ, ಅದರಲ್ಲಿ ನಮ್ಮ ದೇಶದ ಪಾಲು ತಲೆತಗ್ಗಿಸುವಷ್ಟಿದೆ. ಹೈದರಾಬಾದಿನ ಓಮಿಕ್ಸ್ ಸಂಸ್ಥೆಗೆ ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಟ್ಟಲು ಆದೇಶಿಸಿತು. ಪರಿಶೀಲನೆ ನಡೆಯುತ್ತದೆಂದು ಸುಳ್ಳು ಹೇಳಿದ್ದು, ಶುಲ್ಕವನ್ನು ಮೊದಲೇ ತಿಳಿಸದೆ ಮುಚ್ಚಿಟ್ಟದ್ದು ಅಲ್ಲಿನ ಆರೋಪಗಳು. ಇಂಥವು ನಮ್ಮಲ್ಲೇ ಏಕೆ ಅಣಬೆಯಂತೆ ಎದ್ದವು? ಬೇಡಿಕೆ ಇದ್ದದ್ದರಿಂದ. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು ತಂದಿತು, ಪ್ರಕಟಣೆಗೆ ಇಷ್ಟು ಅಂಕ ಎಂದಾಯಿತು. ಪ್ರಯೋಗಾಲಯವಿಲ್ಲದ, ವಾರಕ್ಕೆ ಹದಿನಾರು ತಾಸು ಪಾಠವಿರುವ ಅಧ್ಯಾಪಕರ ಕೊರಳಿಗೆ ಪೇಪರಿನ ಲೆಕ್ಕ ಕಟ್ಟಿದರೆ, ಪೇಪರನ್ನು ಅಂಗಡಿಯಲ್ಲಿ ಮಾರುವವರು ಹುಟ್ಟದೆ ಇರುತ್ತಾರೆಯೇ? ಆಮೇಲೆ ಯುಜಿಸಿ ಒಪ್ಪುವ ಜರ್ನಲುಗಳ ಪಟ್ಟಿಗಳು ಬಂದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ ಜರ್ನಲುಗಳನ್ನು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಶೇ. 88ರಷ್ಟು ಕಳಪೆ ಎಂದು ಕಂಡುಬಂತು, 2018ರಲ್ಲಿ ಅದು ಕರೆಂಟ್ ಸೈನ್ಸ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲುಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಮುಂದೆ ನೀವೀಗ ಇರುವ ಪುಣೆಯಲ್ಲೇ, ಅದೇ ವಿಶ್ವವಿದ್ಯಾಲಯದಲ್ಲಿ, ಕೇರ್ ಎಂಬ ಹೊಸ ಪಟ್ಟಿಯ ಕೆಲಸ ನಡೆಯಿತು. ಒಳ್ಳೆಯ ಉದ್ದೇಶದ ಕೆಲಸವೇ, ಆದರೆ ಪಟ್ಟಿಯಲ್ಲಿರುವ ಜರ್ನಲಿನ ಹೆಸರಲ್ಲೇ ನಕಲಿ ಜಾಲತಾಣ ತೆರೆದು ಹಣ ಕೀಳುವವರು ಹುಟ್ಟಿಕೊಂಡರು. 2025ರ ಫೆಬ್ರುವರಿಯಲ್ಲಿ ಯುಜಿಸಿ ಕೇರ್ ಪಟ್ಟಿಯನ್ನೇ ನಿಲ್ಲಿಸಿತು. ಜರ್ನಲಿನ ಗುಣಮಟ್ಟವನ್ನು ಈಗ ಸಂಸ್ಥೆಗಳೇ ನೋಡಿಕೊಳ್ಳಬೇಕು.

ಈಗ ನಿಮಗೆ ಬಂದ ಸಂದೇಶವನ್ನೇ ಕೈಗೆ ತೆಗೆದುಕೊಳ್ಳೋಣ. ನೀವು ಕಳಿಸಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. "ಯುಜಿಸಿ ಕೇರ್ ಮಾನ್ಯತೆ" ಎಂದಿದೆ. ಪಟ್ಟಿಯೇ ಇಲ್ಲದ ಮೇಲೆ ಈ ಮಾನ್ಯತೆ ಕೊಟ್ಟವರು ಯಾರು? ಐಎಸ್‌ಎಸ್‌ಎನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದು ನಿಯತಕಾಲಿಕಗಳ ಗುರುತಿನ ಸಂಖ್ಯೆ ಮಾತ್ರ, ಅಡುಗೆ ಪತ್ರಿಕೆಗೂ ಸಿಗುತ್ತದೆ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. "ಇಂಪ್ಯಾಕ್ಟ್ ಫ್ಯಾಕ್ಟರ್ 7.8" ಎಂದಿದ್ದಾರೆ, ಅಂದರೆ ಜರ್ನಲಿನ ಪೇಪರುಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ. ಆ ಹೆಸರಿನ ಅಸಲಿ ಅಂಕಿ ಬರುವುದು ಕ್ಲಾರಿವೇಟ್ ಕಂಪನಿಯ ವಾರ್ಷಿಕ ವರದಿಯಿಂದ, ಮಿಕ್ಕವು ಬೇಕಾದಂತೆ ಬರೆದುಕೊಂಡವು. ವಿಷಯಗಳ ಸಾಲಿನಲ್ಲಿ ಸಸ್ಯಶಾಸ್ತ್ರ, ವಾಣಿಜ್ಯ, ಯೋಗ, ಸಿವಿಲ್ ಎಂಜಿನಿಯರಿಂಗ್, ಮರಾಠಿ ಸಾಹಿತ್ಯ ಎಲ್ಲವೂ ಇವೆ. ಸಡಾದ ಮೇಲಿನ ಹುಲ್ಲಿನ ಜಾತಿ ಗುರುತಿಸಿದ್ದು ಸರಿಯೇ ಎಂದು ಇವರಲ್ಲಿ ಯಾರು ನೋಡುತ್ತಾರೆ? ಮೂರು ದಿನದಲ್ಲಿ ನೋಡುತ್ತಾರೆಯೇ? ಇ-ಪ್ರಮಾಣಪತ್ರ ಉಚಿತ ಎಂಬ ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿತು. ಅಸಲಿ ಜರ್ನಲುಗಳು ಪ್ರಮಾಣಪತ್ರ ಹಂಚುತ್ತ ಕೂರುವುದಿಲ್ಲ, ಅಚ್ಚಾದ ಪೇಪರೇ ಪ್ರಮಾಣ. ಇಲ್ಲಿ ಕೊಡಬೇಡಿ. 3,500 ರೂಪಾಯಿ ಹೋದರೆ ಹೋಗಲಿ ಎನ್ನಬಹುದು, ನಿಮ್ಮ ಮಳೆಗಾಲಗಳ ಕೆಲಸ ಹೋದರೆ ಮರಳಿ ಬರುವುದಿಲ್ಲ. ಒಮ್ಮೆ ಅಲ್ಲಿ ಪ್ರಕಟವಾದದ್ದನ್ನು ಒಳ್ಳೆಯ ಜರ್ನಲ್ ಮತ್ತೆ ಮುಟ್ಟುವುದಿಲ್ಲ.

ಅವಸರವೂ ಬೇಕಿಲ್ಲ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರ ಪಿಎಚ್‌ಡಿ ನಿಯಮಗಳಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದೆಯೇ ಎಂದು ಪಿಎಚ್‌ಡಿ ವಿಭಾಗದಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಕಾರಿಡಾರಿನಲ್ಲಿ ಕೇಳಿದ್ದನ್ನು ನಂಬಿ ದುಡ್ಡು ಕಟ್ಟಿದವರು ಬಹಳ ಜನ.

ಎರಡನೆಯದು, 2,000 ಡಾಲರಿನ ಜರ್ನಲ್. ಅದು ಡಿಒಎಜೆ ಎಂಬ ಮುಕ್ತ ಜರ್ನಲುಗಳ ಸೂಚಿಯಲ್ಲಿದೆ, ಸಂಪಾದಕ ಮಂಡಳಿಯಲ್ಲಿ ನಿಮ್ಮ ವಿಷಯದವರೇ ಇದ್ದಾರೆ, ನಾನು ತೆರೆದು ನೋಡಿದ ಕೆಲವು ಪೇಪರುಗಳು ಗಟ್ಟಿಯಾಗಿವೆ. ಮೋಸದ ಜರ್ನಲ್ ಅಲ್ಲ. ಆದರೆ ರೂಪಾಯಿಯಲ್ಲಿ ಅದು ಒಂದೂವರೆ ಲಕ್ಷಕ್ಕೂ ಮೇಲಾಯಿತು, ನಿಮ್ಮ ಕೈಯಿಂದ ಕೊಡಬೇಕು. ವಿನಾಯಿತಿ ಸಿಗುತ್ತದೆ ಎಂದು ಜನ ಹೇಳುತ್ತಾರೆ. ದೊಡ್ಡ ಪ್ರಕಾಶಕರ ತಾನಾಗಿ ಸಿಗುವ ವಿನಾಯಿತಿ ತೀರಾ ಬಡ ದೇಶಗಳಿಗೆ ಮತ್ತು ಸಣ್ಣ ಆರ್ಥಿಕತೆಗಳಿಗೆ. ತಲಾ ಆದಾಯದಲ್ಲಿ ನಾವು ಬಡವರಾದರೂ ಒಟ್ಟು ಆರ್ಥಿಕತೆ ದೊಡ್ಡದೆಂದು ಭಾರತ ಸಾಮಾನ್ಯವಾಗಿ ಅದರಿಂದ ಹೊರಗೆ. ವೈಯಕ್ತಿಕವಾಗಿ ಕೇಳಿ ಬರೆದರೆ ಕೆಲವರು ಬಿಡುತ್ತಾರೆ, ಆದರೆ ಪೇಪರ್ ಕಳಿಸುವ ಮೊದಲೇ ಕೇಳಬೇಕು, ಒಪ್ಪಿಕೊಂಡ ಮೇಲೆ ಕೇಳಿದರೆ ಉಪಯೋಗವಿಲ್ಲ. ಯೋಜನೆಯ ಅನುದಾನದಲ್ಲಿ ಪ್ರಕಟಣೆಗೆಂದೇ ಹಣ ಇಟ್ಟಿದ್ದರೆ ಕೊಡಿ, ತಪ್ಪಿಲ್ಲ. ಸಂಬಳದಿಂದ, ಸಾಲ ಮಾಡಿ, ತಂದೆಯವರ ಠೇವಣಿ ಮುರಿದು ಕೊಡುವುದಕ್ಕೆ ನಾನು ಒಪ್ಪುವುದಿಲ್ಲ.

ಮೂರನೆಯದು, ನಿಮ್ಮಿಂದ ಏನೂ ಕೇಳದ ಹಳೆಯ ಜರ್ನಲ್. ಅದಕ್ಕೆ ಕಳಿಸಿ ಎಂಬುದು ನನ್ನ ಸಲಹೆ. ಅಥವಾ ಅದರ ಪಕ್ಕದಲ್ಲೇ ನಾಲ್ಕನೆಯ ದಾರಿಯನ್ನೂ ನೋಡಿ: ಎರಡೂ ಕಡೆ ಹಣ ಕೇಳದ ಜರ್ನಲುಗಳು. ಖರ್ಚನ್ನು ವಿದ್ವತ್ ಸಂಘವೋ ವಿಶ್ವವಿದ್ಯಾಲಯವೋ ಸರ್ಕಾರವೋ ಹೊರುತ್ತದೆ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲುಗಳು ಹೀಗೆ ನಡೆಯುತ್ತವೆ. ಲೇಖಕರಿಗೆ ಶುಲ್ಕವಿಲ್ಲ, ಅಕಾಡೆಮಿಯ ಜಾಲತಾಣದಲ್ಲಿ ಪುಕ್ಕಟೆ ಓದಬಹುದು. ಇವಕ್ಕೆ ವಜ್ರ ಮಾದರಿ ಎಂಬ ಆಡಂಬರದ ಹೆಸರು ಈಗ ಬಂದಿದೆ, ಪದ್ಧತಿ ನಮ್ಮಲ್ಲಿ ಹಳೆಯದು. ತೊಂದರೆ ಏನೆಂದರೆ ಇಂಥ ಜರ್ನಲುಗಳಲ್ಲಿ ಕೈಗಳು ಕಡಿಮೆ, ಉತ್ತರ ತಡವಾಗುತ್ತದೆ, ನಿಮ್ಮ ಸಣ್ಣ ಕ್ಷೇತ್ರಕ್ಕೆ ಹೊಂದುವ ಜರ್ನಲ್ ಸಿಗದೆಯೂ ಹೋಗಬಹುದು.

ಸಹೋದ್ಯೋಗಿಯ ಆಕ್ಷೇಪಕ್ಕೆ ಬರುತ್ತೇನೆ. ಚಂದಾ ಜರ್ನಲಿಗೆ ಕೊಟ್ಟರೆ ಬೀಗ ಬೀಳುತ್ತದೆ ಎಂಬುದು ಪೂರ್ತಿ ನಿಜವಲ್ಲ. ಕೇಂದ್ರ ಸರ್ಕಾರವೇ ಚಂದಾ ಕಟ್ಟಿ ಸರ್ಕಾರಿ ಸಂಸ್ಥೆಗಳಿಗೆಲ್ಲ ಜರ್ನಲುಗಳನ್ನು ತೆರೆದುಕೊಡುವ ಒಂದು ದೇಶ ಒಂದು ಚಂದಾ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲುಗಳು, 6,300ರಷ್ಟು ಸರ್ಕಾರಿ ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ಐಐಟಿಯವರಿಗೆ ಸಿಗುವುದೇ ಸಿಗುವಂತಾಗುವುದು ಸಣ್ಣ ಮಾತಲ್ಲ. ಆದರೆ ಅದು ಬಾಡಿಗೆಯ ಮುಕ್ತತೆ. ಹಣ ಹೋಗುವುದು ಅದೇ ಪ್ರಕಾಶಕರಿಗೆ, ನವೀಕರಿಸದಿದ್ದರೆ ಬಾಗಿಲು ಮುಚ್ಚುತ್ತದೆ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಇಲ್ಲ, ಅಂದರೆ ನಿಮ್ಮ ಪೇಪರನ್ನು ನಿಮ್ಮ ಕಾಲೇಜಿನಲ್ಲೇ ತೆರೆಯಲು ಆಗದಿರಬಹುದು. ಸಡಾದ ಮೇಲೆ ಗಣಿಗೋ ಕಟ್ಟಡಕ್ಕೋ ಅನುಮತಿ ಕೇಳಿ ಅರ್ಜಿ ಬಂದಾಗ ಅದನ್ನು ಪ್ರಶ್ನಿಸುವ ಗ್ರಾಮಸಭೆಯವರಿಗೆ, ರತ್ನಾಗಿರಿಯ ಪತ್ರಕರ್ತರಿಗೆ ಈ ಯೋಜನೆಯ ಬಾಗಿಲು ತೆರೆಯುವುದಿಲ್ಲ. ನಿಮ್ಮ ಕೆಲಸ ಹೆಚ್ಚು ಬೇಕಾಗಿರುವುದು ಅವರಿಗೇ.

ಅದಕ್ಕೆ ಹಣ ಬೇಡದ ದಾರಿ ಇದೆ, ಆಶ್ಚರ್ಯವೆಂದರೆ ಅದನ್ನು ಬಳಸುವವರು ಕಡಿಮೆ. ಪೇಪರ್ ಒಪ್ಪಿಗೆಯಾದಾಗ ಕಾಪಿರೈಟ್ ವರ್ಗಾವಣೆಯ ಫಾರಂ ಬರುತ್ತದೆ. ನಮ್ಮವರು ಅದನ್ನು ಓದದೆ ಸಹಿ ಹಾಕುವುದನ್ನು ನೋಡಿ ನೋಡಿ ಸಾಕಾಗಿದೆ. ಓದಿ. ಅದರಲ್ಲಿ ಪೇಪರಿನ ಮೂರು ರೂಪಗಳ ಮಾತು ಬರುತ್ತದೆ: ನೀವು ಮೊದಲು ಕಳಿಸಿದ್ದು, ಪರಿಶೀಲಕರ ಸಲಹೆಯಂತೆ ತಿದ್ದಿ ಒಪ್ಪಿಗೆಯಾದ ನಿಮ್ಮ ವರ್ಡ್ ಕಡತ, ಮತ್ತು ಪ್ರಕಾಶಕರು ಪುಟ ಜೋಡಿಸಿದ ಅಂತಿಮ ಪಿಡಿಎಫ್. ಮೊದಲನೆಯದನ್ನು ಎಲ್ಲಿ ಬೇಕಾದರೂ ಇಡಲು ಹೆಚ್ಚಿನವರ ಅಭ್ಯಂತರವಿಲ್ಲ. ಎರಡನೆಯದನ್ನು ಸಂಸ್ಥೆಯ ಭಂಡಾರದಲ್ಲಿ, ಅಂದರೆ ತನ್ನವರ ಪೇಪರುಗಳನ್ನು ಎಲ್ಲರಿಗೂ ತೆರೆದಿಡುವ ಅದರ ಜಾಲತಾಣದಲ್ಲಿ, ಇಡಲು ಬಹಳಷ್ಟು ಜರ್ನಲುಗಳು ಬಿಡುತ್ತವೆ, ಕೆಲವು ತಕ್ಷಣ, ಕೆಲವು ಆರು ತಿಂಗಳಿನಿಂದ ಎರಡು ವರ್ಷ ಕಾದ ಮೇಲೆ. ವಿಜ್ಞಾನದ ಹೂರಣವೆಲ್ಲ ಆ ಎರಡನೆಯದರಲ್ಲೇ ಇರುತ್ತದೆ, ಮೂರನೆಯದರಲ್ಲಿ ಹೆಚ್ಚಿಗೆ ಇರುವುದು ಅಲಂಕಾರ. ಯಾವ ಜರ್ನಲಿನ ನಿಯಮ ಏನು ಎಂದು ಓಪನ್ ಪಾಲಿಸಿ ಫೈಂಡರ್ (ಮೊದಲಿನ ಹೆಸರು ಶೆರ್ಪಾ ರೋಮಿಯೋ) ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ತಂತ್ರಜ್ಞಾನ ಇಲಾಖೆಗಳ ಅನುದಾನ ಪಡೆದವರು ಹೀಗೆ ಭಂಡಾರದಲ್ಲಿ ಇಡಬೇಕೆಂದು 2014ರ ನೀತಿಯೇ ಹೇಳುತ್ತದೆ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಭಂಡಾರವನ್ನು ಒಮ್ಮೆ ತೆರೆದು ನೋಡಿ, ಅಲ್ಲಿನವರ ಪೇಪರುಗಳು ಹೇಗೆ ಸಾಲಾಗಿ ಸಿಗುತ್ತವೆ ಎಂದು ತಿಳಿಯುತ್ತದೆ. ನಿಮ್ಮ ಕಾಲೇಜಿಗೆ ಅಂಥದ್ದು ಇರಲಿಕ್ಕಿಲ್ಲ. ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿ. ಅವರಲ್ಲೂ ಇಲ್ಲದಿದ್ದರೆ ಕಳಿಸುವ ಮೊದಲೇ ಪ್ರತಿಯನ್ನು, ಜೀವವಿಜ್ಞಾನದ ಪೇಪರುಗಳನ್ನು ಪ್ರಕಟಣೆಗೆ ಮುಂಚೆಯೇ ತೆರೆದಿಡುವ ಬಯೋಆರ್ಕೈವ್ ತಾಣದಲ್ಲಿ ಇಡಿ, ಆದರೆ ನೀವು ಆರಿಸಿದ ಜರ್ನಲ್ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಿಕೊಂಡು.

ರಿಸರ್ಚ್‌ಗೇಟಿಗೆ ಅಂತಿಮ ಪಿಡಿಎಫ್ ಏರಿಸಬೇಡಿ. ಎಲ್ಲರೂ ಏರಿಸುತ್ತಾರೆ, ನಿಜ. ಎಲ್ಸ್‌ವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಆ ಕಂಪನಿಯ ಮೇಲೆ 2017ರಲ್ಲಿ ಜರ್ಮನಿಯಲ್ಲಿ ದಾವೆ ಹೂಡಿ, 2023ರಲ್ಲಿ ರಾಜಿಯಾದದ್ದೂ ನಿಜ. ನಿಮ್ಮ ಮೇಲೆ ಯಾರೂ ದಾವೆ ಹಾಕುವುದಿಲ್ಲ, ಪ್ರತಿಯನ್ನು ಕಿತ್ತುಹಾಕುತ್ತಾರೆ ಅಷ್ಟೇ. ಪೇಪರಿನ ವಿವರ ಹಾಕಿ, ಕಡತವನ್ನು ಖಾಸಗಿಯಾಗಿ ಇಡಿ, ಕೇಳಿದವರಿಗೆ ಇಮೇಲಿನಲ್ಲಿ ಕಳಿಸಿ. ಒಂದು ಪ್ರತಿ ಕೇಳಿ ಬರೆದ ಸಂಶೋಧಕರಿಗೆ ಲೇಖಕರು ಕಳಿಸಿಕೊಡುವ ಪದ್ಧತಿ ಅಂಚೆಯ ಕಾಲದಿಂದ ಇದೆ.

ನಿಮ್ಮ ಗೆಳತಿಯ ವಿಷಯ. ಅವರಿನ್ನೂ ಹಣ ಕಟ್ಟಿಲ್ಲ, ಫಾರಂಗೆ ಸಹಿ ಹಾಕಿಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಪರಿಸ್ಥಿತಿ ಕೈಮೀರಿಲ್ಲ. ಇವತ್ತೇ ಇಮೇಲ್ ಬರೆಯಲಿ, ವಾಟ್ಸಾಪಿನಲ್ಲಿ ಬೇಡ. ಪೇಪರಿನ ಶೀರ್ಷಿಕೆ, ಕಳಿಸಿದ ದಿನಾಂಕ, "ನಾನು ಇದನ್ನು ಹಿಂಪಡೆಯುತ್ತಿದ್ದೇನೆ, ಕಾಪಿರೈಟ್ ವರ್ಗಾಯಿಸಿಲ್ಲ, ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ" ಎಂಬ ಮೂರು ಸಾಲು ಸಾಕು. ಕಾರಣ ಹೇಳುವ, ಕ್ಷಮೆ ಕೇಳುವ ಅಗತ್ಯವಿಲ್ಲ. ಜರ್ನಲಿನವರು ಹಿಂಪಡೆಯುವ ಶುಲ್ಕ ಎಂದು ಬೆದರಿಸಬಹುದು, ಕಾನೂನು ನೋಟಿಸು ಎನ್ನಬಹುದು. ಕೊಡಬಾರದು, ಕೊಟ್ಟರೆ ಇನ್ನಷ್ಟು ಕೇಳುತ್ತಾರೆ. ಹದಿನೈದು ದಿನ ಕಾದು ಅದೇ ಇಮೇಲನ್ನು ಮತ್ತೊಮ್ಮೆ ಕಳಿಸಲಿ, ಗೈಡಿಗೆ ಪ್ರತಿ ಇರಲಿ. ಅಷ್ಟರ ಮೇಲೂ ಅವರು ಪ್ರಕಟಿಸಿಬಿಟ್ಟರೆ ಮುಚ್ಚಿಡದೆ, ಮುಂದೆ ಕಳಿಸುವ ಜರ್ನಲಿನ ಸಂಪಾದಕರಿಗೆ ಮೊದಲ ಪತ್ರದಲ್ಲೇ ನಡೆದದ್ದನ್ನು ತಿಳಿಸಿ ಈ ಇಮೇಲುಗಳನ್ನು ಲಗತ್ತಿಸಲಿ. ಒಪ್ಪುವುದು ಬಿಡುವುದು ಆ ಸಂಪಾದಕರ ಕೈಯಲ್ಲಿದೆ. ಆದರೆ ಲೇಖಕಿಯೇ ಮೊದಲು ಹೇಳಿದ್ದಕ್ಕೂ, ಆಮೇಲೆ ಪರಿಶೀಲಕರು ಹುಡುಕಿ ತೆಗೆದದ್ದಕ್ಕೂ ಸಂಪಾದಕರ ಮೇಜಿನ ಮೇಲೆ ಸಿಗುವ ಮರ್ಯಾದೆ ಬೇರೆ ಬೇರೆ. ನಿಮ್ಮ ಗೆಳತಿ ಬಯಸಿದರೆ ಕಳಿಸುವ ಮೊದಲು ಆ ಇಮೇಲನ್ನು ನನಗೆ ತೋರಿಸಲಿ, ನೋಡಿಕೊಡುತ್ತೇನೆ.